ಗೋಡೆಗೆ ಬೆನ್ನು ಹಾಕಿ ಉಂಡವನು

ನೇಯಾಫು, ವವಾಉ ದ್ವೀಪ
ಆಗಸ್ಟ್ ೧೪, ಗುರುವಾರ

ಪ್ರೀತಿಯ ಸಿಯೊಸಿಫಾ,

‘ಗಾಳಿಗಳ ಹೆಸರು ಬಲ್ಲವನಿಗೆ ಕಡಲು ದಾರಿ ಬಿಡುತ್ತದೆ’ ಎಂದು ನಿನ್ನ ಅಮ್ಮ ಹಾಡುತ್ತಿದ್ದರಲ್ಲ, ಸಾಲು ಹಾಗೇ ಇತ್ತೆ? ಮುಂದಿನದು ಮರೆತಿದೆ. ಬರೀ ಹೆಸರು ಗೊತ್ತಿದ್ದರೆ ದಾರಿ ಸಿಕ್ಕೀತೇ ಎಂಬ ಅನುಮಾನ ನನಗೆ. ಅದಿರಲಿ, ನಿನ್ನ ಸೊಂಟನೋವು ಹೇಗಿದೆ? ಆ ಪರದೇಶದ ಕಿತ್ತಳೆ ತೋಟದಲ್ಲಿ ಬೆಳಗಿನ ಚಳಿ ವಿಪರೀತ ಎಂದಿದ್ದೆ, ಟೋಪಿ ಮರೆಯಬೇಡ.

ಮುಂದಿನ ತಿಂಗಳು ನಮ್ಮ ಲೋಸೆಗೆ ಪೊಲೀಸ್ ಪ್ರವೇಶ ಪರೀಕ್ಷೆ. ಕಳೆದ ಸಲ ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕಿದವಳು ಇಂಗ್ಲಿಷ್ ಪದಗಳಲ್ಲಿ ಸೋತಳು. ಈ ಸಲವೂ ಸೋತರೆ ವಯಸ್ಸು ಮೀರುತ್ತದೆ. ಅದಕ್ಕೇ ಅಡುಗೆಮನೆಯ ಗೋಡೆ ತುಂಬ ಪದಗಳನ್ನು ಅಂಟಿಸಿ, ಮರಗೆಣಸು ಸುಲಿಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ: ಹಲ್ಲೆ, ಅತ್ಯಾಚಾರ, ಬೆತ್ತಲೆ ಶವ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಎರಡೆರಡು ಹೆಸರು. ಅಣ್ಣನ ಎದುರು ತಂಗಿ ಅಂಥ ಮಾತಾಡುವುದುಂಟೆ? ಪೌಲಿಯಾಸಿ ಮೊದಲ ದಿನ ಗೋಡೆಗೆ ಬೆನ್ನು ಹಾಕಿ ಉಂಡ. ಮರುದಿನ ತಟ್ಟೆ ಹಿಡಿದು ಹೊರಗೆ ಹೋದ. ಈಗ ಸಂಜೆ ವ್ಯಾನು ನಿಲ್ಲಿಸಿದವನೇ ಪಕ್ಕದ ಆಮೆಲಿಯಾಳ ಮನೆ ಸೇರುತ್ತಾನೆ. ಮರ್ಯಾದೆಗೆ ಎದ್ದು ಹೋಗುವುದು ಸರಿ. ಆದರೆ ತಂಗಿಯ ಓದು ಎಲ್ಲಿಗೆ ಬಂತೆಂದು ನನ್ನನ್ನಾದರೂ ಕೇಳಬಹುದಿತ್ತು. ಅವಳು ಪೊಲೀಸಾಗುವುದೇ ಅವನಿಗೆ ಬೇಡವೇನೋ. “ಅಣ್ಣಂಗೆ ಇಷ್ಟ ಇಲ್ಲ ಅಂದ್ರೆ ನಾನು ಪರೀಕ್ಷೆಗೆ ಕೂರಲ್ಲಮ್ಮ” ಎಂದು ನಿನ್ನೆ ಲೋಸೆ ಅಂದಳು.

ಅವನಿಗಿಂತ ಆಮೆಲಿಯಾ ವಾಸಿ. ಚಾಪೆ ಹೆಣೆಯುವ ನೆಪದಲ್ಲಿ ದಿನವೂ ಬಂದು ಲೋಸೆಗೆ ಪದ ಕೇಳುತ್ತಾಳೆ, ಅದೂ ಹಿಂದಿನ ದಿನ ತಪ್ಪಿದ್ದನ್ನೇ ಹುಡುಕಿ ಹುಡುಕಿ.

ಅವಳ ಗಂಡ ನಾಳೆ ನೀನು ದುಡಿಯುವ ತೋಟಕ್ಕೇ ಹೊರಟಿದ್ದಾನೆ. ಈ ಕಾಗದ ಅವನ ಕೈಯಲ್ಲಿ. ತಲುಪಿದ ಕೂಡಲೇ ಮಗನಿಗೆ ಫೋನು ಮಾಡಿ ಬುದ್ಧಿ ಹೇಳು. ದೇವರು ನಿನ್ನ ಬೆನ್ನು ಕಾಯಲಿ, ನೀನು ಹಣ್ಣು ಕೀಳಲು ಹತ್ತುವ ಏಣಿಯನ್ನೂ.

ನಿನ್ನ
ಮಲಿಯಾ

ಮ.ವಿ.: ಫೋನು ಮಾಡಬೇಡ. ಕಾಗದ ಒಯ್ಯಲು ಬಂದ ಆಮೆಲಿಯಾಳ ಮುಂದೆ ಮಗನನ್ನು ದೂರಿದೆ. ಅವಳು ಬಾಗಿಲಿಗೆ ಒರಗಿ ನಕ್ಕದ್ದೇ ನಕ್ಕದ್ದು. “ಅಯ್ಯೋ ಮಲಿಯಮ್ಮ, ನಂಗೆಲ್ಲಿಂದ ಬರ್ಬೇಕು ಆ ಇಂಗ್ಲಿಷು? ನಿಮ್ಮ ಮಗಾನೇ ದಿನಾ ಕೂರಿಸ್ಕೊಂಡು ಬಾಯಿಪಾಠ ಮಾಡ್ಸಿ ಕಳಿಸ್ತಾನೆ. ತಂಗಿ ಎಲ್ಲಿ ತಪ್ಪಿದ್ಲು ಅಂತ ವಾಪಸ್ ಬಂದು ಹೇಳೋವರ್ಗೂ ಊಟ ಮಾಡಲ್ಲ. ಒಂದೊಂದು ಪದಕ್ಕೂ ಬೆವರು ಒರೆಸ್ಕೋತಾನೆ, ಪಾಪ! ಲೋಸೆ ಪಾಸಾಗ್ತಾಳೆ ಬಿಡಿ. ಆಗ್ದಿದ್ರೆ ನಾನೇ ಹೋಗಿ ಪೊಲೀಸ್ ಸೇರ್ಕೋತೀನಿ.”