ನನ್ನ ಗಂಡನ ಮಾತು ಕೈಯಲ್ಲಿತ್ತು, ಸ್ವಾಮಿ

ಹೋದ ಮಾತನ್ನು ಮರಳಿ ಕಲಿಸುವ ಚಿಕಿತ್ಸಾ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಗಂಡ ಸಂಜೀವಯ್ಯನವರಿಗೆ ಲಕ್ವ ಹೊಡೆದು ಮಾತು ಹೋಗಿದೆ. ತಾವು ಚಿಕಿತ್ಸೆ ಕೊಡದೆ ವಾಪಸ್ ಕಳಿಸಿದ್ದೀರಿ. ಯಾಕೆಂದು ಕೇಳಿದ್ದಕ್ಕೆ ಕನ್ನಡಕದ ಮೇಲಿಂದ ನೋಡುತ್ತಾ ತಾವು ಅಪ್ಪಣೆ ಕೊಡಿಸಿದ್ದು ನನಗೆ ಬಾಯಿಪಾಠವಾಗಿದೆ: "ಏನಮ್ಮಾ, ನಿಮ್ಮ ಯಜಮಾನ್ರಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮಾತು ಬರಲ್ಲ. ಇಲ್ದೇ ಇರೋ ಮಾತು ಹೋಗೋದು ಹೇಗಮ್ಮಾ?" ಪಕ್ಕದಲ್ಲಿದ್ದ ಗುಮಾಸ್ತರು ಆಹಾ ಎನ್ನುವಂತೆ ತಲೆಯಾಡಿಸಿದರು. ನಾನೂ ಒಂದು ಗಳಿಗೆ ಹೌದಲ್ಲ ಅಂದುಕೊಂಡೆ. ಕೊರಟಗೆರೆ ಬಸ್ಸು ಹತ್ತಿ ಕೂತ ಮೇಲೆ ಮೈಯೆಲ್ಲ ಉರಿದುಹೋಯಿತು.

ಸ್ವಾಮಿ, ಅವರಿಗೆ ಮಾತು ಇತ್ತು. ಬೇಕಾದಷ್ಟಿತ್ತು, ಬೇಡವಾದಷ್ಟೂ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ ಇಟ್ಟಿರುವ ಮನುಷ್ಯ. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ ಸನ್ನೆ ಭಾಷೆ ಅವರದು, ಮದುವೆಯಾದ ಮೇಲೆ ನನ್ನದೂ ಆಯಿತು. ಆ ಭಾಷೆಯಲ್ಲಿ ಪಕ್ಕದ ಅಂಗಡಿಯವರ ಚಾಡಿ ಹೇಳುತ್ತಿದ್ದರು, ನನ್ನ ತವರಿನವರನ್ನು ಆಡಿಕೊಳ್ಳುತ್ತಿದ್ದರು, ನೆಂಟರ ಎದುರಿಗೇ ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಿದ್ದರು. ನಾನು ಎರಡೂ ಕೈಯಲ್ಲಿ ಪಾತ್ರೆ ಹಿಡಿದಿರುವ ಹೊತ್ತು ನೋಡಿಯೇ ಜಗಳ ತೆಗೆಯುತ್ತಿದ್ದರು. ಉತ್ತರ ಕೊಡಬೇಕೆಂದರೆ ನಾನು ಪಾತ್ರೆ ಇಳಿಸಬೇಕಲ್ಲ! ಸಿದ್ದರಬೆಟ್ಟ ಹತ್ತುವಾಗ ಉಳಿದವರೆಲ್ಲ ಏದುಸಿರು ಬಿಡುತ್ತಾ ಬಾಯಿ ಮುಚ್ಚಿಕೊಂಡರೆ, ನಾವಿಬ್ಬರು ಮೇಲಿನವರೆಗೂ ಜಗಳವಾಡಿಕೊಂಡೇ ಹೋಗಿದ್ದೇವೆ. ಇದನ್ನು ತಾವು 'ಮಾತಿಲ್ಲ' ಅನ್ನುತ್ತೀರಿ. ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಬೇಕಿತ್ತು.

ಲಕ್ವ ಹೊಡೆದಾಗ ಬಲಗೈ ಸೋತಿತ್ತು, ಬರಬರುತ್ತಾ ಸರಿಹೋಯಿತು. ಈಗ ಸೂಜಿಗೆ ದಾರ ಪೋಣಿಸುತ್ತಾರೆ, ಹುಕ್ಸು ಹೊಲಿಯುತ್ತಾರೆ. ಸನ್ನೆ ಮಾತ್ರ ಬರುತ್ತಿಲ್ಲ. ಮೊನ್ನೆ ಟೀ ಕೇಳಲು ಹೊರಟ ಕೈ 'ಮದುವೆ' ಅಂದಿತು. ಯಾರದು ಅಂದೆ. ಮತ್ತೆ 'ಮದುವೆ'. ಈ ವಯಸ್ಸಿನಲ್ಲಿ ನಿಮಗೆ ಯಾವಳು ಸಿಗುತ್ತಾಳೆ ಎಂದು ಕೈಯಲ್ಲೇ ಬೈದೆ. ಅವರು ಒಲೆಯ ಕಡೆ ಬೊಟ್ಟು ಮಾಡಿ ಹಣೆ ಚಚ್ಚಿಕೊಂಡರು, ಆಮೇಲೆ ಅತ್ತುಬಿಟ್ಟರು. ಅದೇ ಶಾಲೆಯಲ್ಲಿ ಇವರ ಜೊತೆ ಓದಿದ ಗೆಳೆಯ ಬಾಷಾ ಸಾಬ್ ಶಿರಾದಿಂದ ನೋಡಲು ಬಂದರು. ಅವರಿಗೂ ಕಿವಿ ಕೇಳುವುದಿಲ್ಲ. ಎದುರಿಗೆ ಕೂತು ತುಂಬಾ ಹೊತ್ತು ನೋಡಿ, ನನಗೇನೂ ಅರ್ಥವಾಗುತ್ತಿಲ್ಲ ಎಂದು ಸನ್ನೆ ಮಾಡಿದರು. ಅವರ ಹೆಂಡತಿ ಅಮೀರ್ ಬಿ, "ಇವ್ರಿಬ್ರು ಕೂತ್ರೆ ಊಟಕ್ಕೂ ಏಳ್ತಿರಲಿಲ್ಲ. ಈಗ ಇಂಗೆ ಕೂತವ್ರಲ್ಲ, ನಂಗೆ ನೋಡಕ್ಕಾಗ್ತಿಲ್ಲ ಕಣಕ್ಕಾ" ಎಂದು ಮುಖ ತಿರುಗಿಸಿಕೊಂಡರು.

ತುಮಕೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರ್ ಶರಣ್ಯಾ ಬಿಡಿಸಿ ಹೇಳಿದ್ದರು: "ಮಿದುಳಿನ ಎಡಗಡೆ ಪೆಟ್ಟಾಗಿದೆ ಅಮ್ಮ. ಮಾತು ಬಾಯಿಂದ ಬರಲಿ, ಕೈಯಿಂದ ಬರಲಿ, ಅದನ್ನ ಜೋಡಿಸೋ ಕೆಲಸ ಬಹಳ ಜನಕ್ಕೆ ಆ ಕಡೆಯೇ ನಡೆಯೋದು. ಹೋಗಿರೋದು ಕೈಯಲ್ಲ, ಭಾಷೆ. ಮೊದಲ ತಿಂಗಳುಗಳಲ್ಲೇ ಅಭ್ಯಾಸ ಶುರು ಮಾಡಿಸಿ, ತಡ ಮಾಡಬೇಡಿ."

ಇದನ್ನು ನಾನು ಹೇಳಿದಾಗ ತಾವು ಇವರನ್ನು ಪರೀಕ್ಷೆ ಮಾಡಲು ನಿಂತಿರಿ. ಎಂಥ ಪರೀಕ್ಷೆ! ತಲೆ ಬಾಚುವಂತೆ ನಟಿಸಿ ತೋರಿಸಿದಿರಿ, ಅವರೂ ಬಾಚಿದರು. ನೀರು ಕುಡಿಯುವಂತೆ ತೋರಿಸಿದಿರಿ, ಕುಡಿದು ಬಾಯಿಯನ್ನೂ ಒರೆಸಿಕೊಂಡರು. ಬಟ್ಟೆ ಕತ್ತರಿಸುವಂತೆ ಇವರು ನಟಿಸಿ ತೋರಿಸಿದಾಗ ನಿಮ್ಮ ಗುಮಾಸ್ತರು ಚಪ್ಪಾಳೆ ಹೊಡೆದರು. "ನೋಡಿಮ್ಮ, ಇವ್ರ ಭಾಷೆ ಫಸ್ಟ್ ಕ್ಲಾಸಾಗಿದೆ" ಎಂದಿರಿ. ಮಾನ್ಯರೇ, ನಟನೆ ಬೇರೆ, ಭಾಷೆ ಬೇರೆ. ಇವರ ಕೈ ಬಾಚುವುದನ್ನು ಮರೆತಿಲ್ಲ, 'ಬಾಚಣಿಗೆ ಎಲ್ಲಿಟ್ಟೆ ಮಾರಾಯ್ತಿ' ಅನ್ನುವುದನ್ನು ಮರೆತಿದೆ. ತಲೆ ಬಾಚುವುದೇ ಭಾಷೆಯಾಗಿದ್ದರೆ ಮಧುಗಿರಿಯಿಂದ ಪಾವಗಡದವರೆಗಿನ ಸಲೂನುಗಳೆಲ್ಲ ವಿಶ್ವವಿದ್ಯಾಲಯಗಳಾಗಬೇಕಿತ್ತು.

ಅದೇ ದಿನ ನಿಮ್ಮ ವರಾಂಡದಲ್ಲಿ ಚಿಕ್ಕನರಸಯ್ಯ ಕೂತಿದ್ದರು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಇವರಂತೆಯೇ ಲಕ್ವ, ಅದೇ ಎಡಗಡೆ. ಮುದ್ದೆ ಬೇಕೆಂದರೆ ಬಾಯಿಂದ "ಟಿಕೆಟ್" ಎಂದು ಬರುತ್ತದೆ, ಹೆಂಡತಿಯನ್ನು ಕರೆಯಲು ಹೋಗಿ "ರೈಟ್ ರೈಟ್" ಅನ್ನುತ್ತಾರೆ. ಪಾಪ, ಅವರನ್ನು ಒಳಗೆ ಕರೆದಿರಿ, ಚಿತ್ರ ತೋರಿಸಿ ಒಂದೊಂದೇ ಪದ ಹೇಳಿಸಿದಿರಿ. ಒಳ್ಳೆಯ ಕೆಲಸ, ಕೈಮುಗಿಯುತ್ತೇನೆ. ತಪ್ಪು ಪದ ಬಾಯಿಂದ ಬಂದರೆ ಕಾಯಿಲೆ, ಕೈಯಿಂದ ಬಂದರೆ ಆರೋಗ್ಯವೇ? ಲಕ್ವಕ್ಕೆ ಇಲ್ಲದ ಈ ಭೇದ ತಮಗೆಲ್ಲಿಂದ ಬಂತು?

ಆದ್ದರಿಂದ ಕೇಳುತ್ತಿದ್ದೇನೆ. ಚಿಕ್ಕನರಸಯ್ಯನವರಿಗೆ ಕೊಟ್ಟ ಹಾಗೆ ನನ್ನ ಗಂಡನಿಗೂ ಈ ವಾರದಿಂದಲೇ ಪಾಳಿ ಕೊಡಿ. ನಿಮ್ಮ ಚಿಕಿತ್ಸಕರಿಗೆ ಸನ್ನೆ ಬಾರದಿದ್ದರೆ ಬಾಷಾ ಸಾಬ್ ಪಕ್ಕದಲ್ಲಿ ಕೂತು ಸನ್ನೆ ಹೇಳಿಕೊಡುತ್ತಾರೆ, ನಾನು ಅದನ್ನು ನಿಮ್ಮವರಿಗೆ ಬಾಯಲ್ಲಿ ಹೇಳುತ್ತೇನೆ. ಚಿತ್ರಗಳು ನಿಮ್ಮಲ್ಲೇ ಇವೆ. ಕೊಡುವುದಿಲ್ಲವೆಂದರೆ ನಿಮ್ಮ ವರಾಂಡದಲ್ಲಿ ಬಂದು ಕೂರುತ್ತೇನೆ. ನನಗೆ ಎರಡು ಭಾಷೆಯಲ್ಲಿ ಜಗಳ ಬರುತ್ತದೆ ಎಂಬುದು ತಮ್ಮ ಗಮನದಲ್ಲಿರಲಿ.

ಕೊನೆಗೊಂದು ಮಾತು. ಕಿವುಡರು ತಮ್ಮವರಿಗೆಲ್ಲ ಒಂದೊಂದು ಸನ್ನೆಯ ಹೆಸರಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಇವರು ನನ್ನ ಕೆನ್ನೆಯ ಮಚ್ಚೆ ನೋಡಿ, ತಮ್ಮ ಕೆನ್ನೆಯನ್ನು ಬೆರಳ ತುದಿಯಲ್ಲಿ ಎರಡು ಸಲ ಮುಟ್ಟಿ, ಅದೇ ನನ್ನ ಹೆಸರೆಂದು ಇಟ್ಟಿದ್ದರು. ಈಗ ಬೆಳಗ್ಗೆ ಎದ್ದು ನನ್ನನ್ನು ನೋಡುತ್ತಾರೆ, ಬೆರಳೆತ್ತುತ್ತಾರೆ. ಅದು ಹಣೆಗೆ ಹೋಗುತ್ತದೆ, ಗದ್ದಕ್ಕೆ ಹೋಗುತ್ತದೆ, ಕಿವಿಯ ಹತ್ತಿರ ನಿಲ್ಲುತ್ತದೆ. ನಾನು ಹಾಲಿನ ಪಾತ್ರೆ ಹಿಡಿದು ಕಾಯುತ್ತಾ ನಿಂತಿರುತ್ತೇನೆ. ಕೈ ಕೆಳಗಿಳಿಯುತ್ತದೆ.

ಇಂತಿ,
ಸದ್ಯಕ್ಕೆ ಕಾಗದದ ಮೇಲೆ ಮಾತ್ರ ಹೆಸರಿರುವ
ನಾಗರತ್ನಮ್ಮ, ಕೊರಟಗೆರೆ