ಒಂದರ ಗೆರೆ

ಹೊಸಪೇಟೆ, ಆಸ್ಪತ್ರೆಯ ಗಂಡಸರ ವಾರ್ಡು
ಭಾನುವಾರ, 19 ಜನವರಿ 2025

ಪ್ರೀತಿಯ ಸೊಸೆ ರೇಣುಕಾ,

ನಿನ್ನ ಅತ್ತೆ ಹಂಪಕ್ಕ ಬರೆಯುತ್ತಿದ್ದೇನೆ. ‘ಪ್ರೀತಿಯ’ ಅನ್ನುವುದನ್ನು ಓದಿ ನಗಬೇಡ, ಏಳನೆಯ ತರಗತಿಯಲ್ಲಿ ಮಾಸ್ತರರು ಹಾಗೇ ಶುರು ಮಾಡಲು ಕಲಿಸಿದ್ದರು. ನಿನ್ನ ಅರೆತಲೆನೋವು ಹೇಗಿದೆ? ನಿಮ್ಮ ಅವ್ವನ ಮೊಣಕಾಲು ಈಗಲಾದರೂ ಮಡಚುತ್ತದೆಯೇ? ಕಂಪ್ಲಿಯಲ್ಲಿ ಚಳಿ ಜಾಸ್ತಿ ಎಂದು ನಿನ್ನ ತಮ್ಮ ಮೌನೇಶ್ ಹೇಳಿದ, ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಹಿಡಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ನೀನು ಕಟ್ ಮಾಡುತ್ತೀ. ಮೌನೇಶ್ ಇಲ್ಲಿಗೆ ಭಾವನನ್ನು ನೋಡಲು ಬಂದಿದ್ದಾನೆ, ಮೂರು ಗಂಟೆಯ ಬಸ್ಸಿಗೆ ವಾಪಸು ಹೊರಡುತ್ತಾನೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ.

ಹುಲುಗೇಶ್ ಬದುಕಿದ್ದಾನೆ. ಗಂಟಲಿಗೆ ಹಾಕಿದ್ದ ನಳಿಗೆಯನ್ನು ಸಂಕ್ರಾಂತಿಯ ದಿನ ತೆಗೆದರು. ಐದು ದಿನ ವೆಂಟಿಲೇಟರ್ ಅವನ ಬದಲು ಉಸಿರಾಡಿತು. ನಿನ್ನೆಯಿಂದ ಐಸಿಯು ಬಿಡಿಸಿ ವಾರ್ಡಿಗೆ ತಂದಿದ್ದಾರೆ. ಈಗ ಮುಖಕ್ಕೆ ಒಂದು ಬಿಗಿ ಮಾಸ್ಕು ಕಟ್ಟಿ ಮಷಿನ್‌ನಿಂದ ಗಾಳಿ ತಳ್ಳುತ್ತಾರೆ. ನಾನು ಕಟ್ಟಿದರೆ ಕಿತ್ತೆಸೆಯುತ್ತಾನೆ. ಪಲ್ಲವಿ ಎಂದು ಒಬ್ಬ ನರ್ಸಮ್ಮ ಇದ್ದಾಳೆ, ಇನ್ನೂ ಮದುವೆಯಾಗಿಲ್ಲ. ಅವಳು ಬಂದು “ಅಣ್ಣ, ಹತ್ತು ಎಣಸೂತನ ಇಟ್ಕೊರ್ರಿ, ಆಮ್ಯಾಲ ನೋಡೂಣು” ಅಂದರೆ ಎರಡು ತಾಸು ಸುಮ್ಮನೆ ಇಟ್ಟುಕೊಳ್ಳುತ್ತಾನೆ. ಹೆತ್ತ ಕೈಗಿಂತ ನಿನ್ನೆ ಬಂದ ಕೈ ಹಿತವಾಯಿತು. ನಿನ್ನ ಮೇಲಷ್ಟೇ ನನಗೆ ಹೊಟ್ಟೆಯುರಿ ಎಂದು ತಿಳಿದಿದ್ದೆ, ಈಗ ಅದಕ್ಕೆ ಇನ್ನೊಬ್ಬಳು ಪಾಲುದಾರಳು ಸಿಕ್ಕಿದಳು.

ಹೌದು, ಹೊಟ್ಟೆಯುರಿಯೇ. ಬಾಯಿಬಿಟ್ಟು ಬರೆಯುತ್ತೇನೆ. ಸಂಡೂರಿನ ಅದಿರು ಗಣಿಯಲ್ಲಿ ಹದಿನೆಂಟು ವರ್ಷ ಡ್ರಿಲ್ಲಿಂಗ್ ಮಾಡಿ, ಕೆಂಪು ಧೂಳನ್ನೂ ಬೀಡಿಯನ್ನೂ ಒಟ್ಟಿಗೆ ಎಳೆದು ಮಗ ಮೂಲೆ ಹಿಡಿದಾಗ, ಇನ್ನು ಇವನು ನನ್ನವನು ಎಂದುಕೊಂಡೆ. ಸಣ್ಣವನಿದ್ದಾಗ ಕೆಮ್ಮಿದರೆ ಎದೆಗೆ ಬೆಚ್ಚಗಿನ ಎಣ್ಣೆ ತಿಕ್ಕಿದವಳು ನಾನು. ಆದರೆ ಮನೆಗೆ ಆಕ್ಸಿಜನ್ ಮಷಿನ್ ಬಂದ ದಿನದಿಂದ ಎಲ್ಲ ನಿನ್ನ ಕೈಗೆ ಹೋಯಿತು. ಅದರ ಗಾಜಿನ ಕೊಳವೆಯಲ್ಲಿ ಗಾಳಿಯ ಅಳತೆ ತೋರಿಸುವ ಗುಂಡು ಒಂದರ ಗೆರೆ ದಾಟಬಾರದೆಂದು ಅಲ್ಲಿ ನಿನ್ನ ಹಣೆಯ ಸ್ಟಿಕರ್ ಅಂಟಿಸಿದೆ. “ಅತ್ತಿ, ಡಾಕ್ಟ್ರು ಒಂದಕ್ಕ ಇಡ್ರಿ ಅಂದಾರ, ಮುಟ್ಟಬ್ಯಾಡ್ರಿ” ಎಂದು ಎರಡು ವರ್ಷ ಹೇಳಿದೆ. ಆ ಮಷಿನ್ ಐದರವರೆಗೆ ಕೊಡುತ್ತದೆ, ನೀನು ಒಂದೇ ಕೊಡುತ್ತೀ. ನನ್ನ ಮಗನಿಗೆ ಗಾಳಿಯಲ್ಲೂ ಜಿಪುಣತನವೇ ಎಂದು ಪಕ್ಕದ ಮನೆಯ ದ್ಯಾಮಕ್ಕನ ಮುಂದೆ ಆಡಿಕೊಂಡೆ. ಅದು ನಿನ್ನ ಕಿವಿಗೆ ಬಿದ್ದೇ ನೀನು ಬ್ಯಾಗು ಹಿಡಿದು ಕಂಪ್ಲಿ ಬಸ್ಸು ಹತ್ತಿದ್ದು.

ಮಾರನೆಯ ದಿನ ಊಟವಾದ ಮೇಲೆ ಅವನಿಗೆ ಏದುಸಿರು ಬಂತು. ನಾನು ಬಿರಡೆ ತಿರುವಿ ನಾಲ್ಕಕ್ಕೆ ಇಟ್ಟೆ. ನೋಡುನೋಡುತ್ತ ಏದುಸಿರು ಇಳಿಯಿತು, ಬೆರಳಿಗೆ ಹಾಕುವ ಮಷಿನ್ ತೊಂಬತ್ತೆಂಟು ತೋರಿಸಿತು. ನೀನು ಇದ್ದಾಗ ತೊಂಬತ್ತು ದಾಟಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಅವನು ಮಲಗಿದ. ಎಂಥ ನಿದ್ದೆ ಅಂತೀ! ಎರಡು ವರ್ಷದಲ್ಲಿ ಅವನು ಹಾಗೆ ಮಲಗಿದ್ದಿಲ್ಲ. ದ್ಯಾಮಕ್ಕನನ್ನು ಕರೆದು ತೋರಿಸಿದೆ: “ನೋಡವ್ವ, ತಾಯಿ ಕೈಯಾಗ ಹೆಂಗ ನಿದ್ದಿ ಹತ್ತೈತಿ.” ನೀನು ಅಲ್ಲಿ ನಿಂತು ಅದನ್ನು ನೋಡಬೇಕಿತ್ತು ಎಂದು ಎಷ್ಟು ಆಸೆಯಾಯಿತೋ. ಐದು ಗಂಟೆಗೆ ಚಹಾ ತಂದು ಎಬ್ಬಿಸಿದರೆ ಏಳಲಿಲ್ಲ. ಕೈ ಬಿಸಿಯಾಗಿತ್ತು, ಹಣೆ ಬೆವತಿತ್ತು, ಕಣ್ಣು ತೆರೆಸಿದರೆ ನನ್ನನ್ನು ನೋಡಲಿಲ್ಲ. ಗಾದಿಗನೂರಿನಿಂದ ಇಲ್ಲಿಗೆ ಆಂಬ್ಯುಲೆನ್ಸಿನಲ್ಲಿ ಬಂದೆವು.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು: “ಇಂಥಾ ಪುಪ್ಪುಸಕ್ಕ ಆಕ್ಸಿಜನ್ ಅಳತಿ ಮ್ಯಾಲೇ ಕೊಡಬೇಕ್ರೀ ಅಮ್ಮ. ಜಾಸ್ತಿ ಆತಂದ್ರ ಒಳಗಿನ ಕೆಟ್ಟ ಗಾಳಿ ಹೊರಗ ಹೋಗಂಗಿಲ್ಲ, ರಕ್ತದಾಗ ತುಂಬ್ಕೊಂತೈತಿ. ಮನಷ್ಯಾ ನಿದ್ದಿ ಹೋದಂಗ ಕಾಣ್ತಾನ, ಹಂಗ ಹೋಗೇಬಿಡ್ತಾನ.” ಅಂದರೆ ನಾನು ದ್ಯಾಮಕ್ಕನಿಗೆ ತೋರಿಸಿದ್ದು ನಿದ್ದೆ ಅಲ್ಲ. ಅದು ಗೊತ್ತಾದ ಮೇಲೂ ನನ್ನ ಬುದ್ಧಿ ನೋಡು. ಎರಡನೆಯ ದಿನ ನೀನು ಓಡಿ ಬಂದೆ. ಐಸಿಯು ಒಳಗೆ ಹೋಗಲು ಒಂದೇ ಪಾಸು. ಅದು ನನ್ನ ಸೊಂಟದ ಎಲೆಯಡಿಕೆ ಚೀಲದಲ್ಲಿತ್ತು. ಒಳಗೆ ಯಾರನ್ನೂ ಬಿಡುವುದಿಲ್ಲವೆಂದು ಸುಳ್ಳು ಹೇಳಿದೆ. ನೀನು ಬೆಳಗಿನಿಂದ ಸಂಜೆವರೆಗೆ ಗೇಟಿನ ಹತ್ತಿರ ಕೂತು ಎದ್ದು ಹೋದೆ. ಅವನು ಕಣ್ಣು ತೆರೆದರೆ ಮೊದಲು ನನ್ನ ಮುಖ ಕಾಣಲಿ ಎನ್ನುವುದಷ್ಟೇ ನನ್ನ ಆಸೆಯಾಗಿತ್ತು.

ನೀನು ಬೆಳಿಗ್ಗೆ ಸಂಜೆ ಅವನ ಉಸಿರಿನ ಲೆಕ್ಕ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನು ಫೈಲಿನ ಜೊತೆ ತಂದಿದ್ದೆವು. ಪಲ್ಲವಿ ಅದನ್ನು ತಿರುವಿ ನೋಡಿ “ಯಾರ್ ಬರ್ದಾರಮ್ಮ ಇದನ್ನ? ಒಂದ್ ದಿನಾನೂ ತಪ್ಪಿಸಿಲ್ಲ, ಅದಕ್ಕ ಅಣ್ಣ ಎರಡ್ ವರ್ಷ ಆಸ್ಪತ್ರಿ ಮೆಟ್ಲ ಹತ್ತಿಲ್ಲ” ಅಂದಳು. ನಾನು ಕಿವಿ ಕೇಳದವಳಂತೆ ಕಿಟಕಿ ಕಡೆ ನೋಡಿದೆ. ಬುಧವಾರ ಮನೆಗೆ ಕಳಿಸುತ್ತಾರಂತೆ, ಮಾಸ್ಕಿನ ಮಷಿನ್ ಸಮೇತ. ಅದನ್ನು ಕಟ್ಟುವುದು, ತೊಳೆಯುವುದು, ಅಳತೆ ಇಡುವುದು ಎಲ್ಲ ಕಲಿಯಲು ಮನೆಯವರೊಬ್ಬರು ಬರಬೇಕು, ಇಲ್ಲದಿದ್ದರೆ ಕಳಿಸುವುದಿಲ್ಲ. ಇನ್ನೊಮ್ಮೆ ಹೀಗಾದರೆ ನಳಿಗೆ ಹಾಕಿದರೂ ಅವನು ಉಳಿಯುವುದು ಕಷ್ಟವಂತೆ. ವಾರ್ಡಿಗೆ ಪಾಸು ಬೇಕಿಲ್ಲ.

ನಿಮ್ಮ ಅವ್ವನಿಗೆ ನನ್ನ ಶರಣು ತಿಳಿಸು. ನಿನ್ನ ಹಣೆಯ ಕುಂಕುಮ ತಣ್ಣಗಿರಲಿ, ನೂರು ವರ್ಷ ಬಾಳು.

ನಿನ್ನ ಅತ್ತೆ,
ಹಂಪಕ್ಕ

ತಾ.ಕ.: ಮೌನೇಶ್ ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬಂದ ದಿನ ಡಾಕ್ಟರ್ “ನಾಲ್ಕಕ್ಕ ಇಟ್ಟವರ್ಯಾರು?” ಎಂದು ಕೇಳಿದಾಗ “ಸೊಸಿ ತಿರುವಿಟ್ಟು ತವರಿಗೆ ಹೋದ್ಲು” ಅಂದೆ. ಅವರು ಅದನ್ನು ಫೈಲಿನಲ್ಲಿ ಬರೆದರು. ನಮ್ಮ ಮಂದಿಯೂ ನಂಬಿದರು. ಹುಲುಗೇಶನ ಮಂಚದ ಪಕ್ಕದಲ್ಲೇ ನಿಂತು ಹೇಳಿದ್ದೆ, ಅವನಿಗೆ ಎಚ್ಚರವಿಲ್ಲ ಎಂದುಕೊಂಡು. ನಳಿಗೆ ತೆಗೆದ ಮೇಲೆ ಅವನು ನೀರು ಕೇಳಲಿಲ್ಲ. ಗಂಟಲು ಹರಿದ ದನಿಯಲ್ಲಿ ಒಂದೇ ಮಾತು ಅಂದ: “ಆಕಿ ಅಲ್ಲ ಅವ್ವ.” ಐದು ದಿನ ಅದನ್ನು ನುಂಗಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಡಾಕ್ಟರಿಗೆ ನಿಜ ಹೇಳಿ, ನಿನ್ನ ಹೆಸರು ಹೊಡೆದುಹಾಕಿಸಿ ನನ್ನ ಹೆಸರು ಬರೆಸಿದೆ. ತಾಯಿ ಮಷಿನ್ ಮುಟ್ಟಬಾರದು ಎಂದು ಕೆಳಗೆ ಬರೆದರು, ಅದಕ್ಕೂ ಸಹಿ ಹಾಕಿದೆ. ಐದು ದಿನದ ಮೇಲೆ ಸಿಕ್ಕ ಮೊದಲ ಉಸಿರನ್ನು ಅವನು ನಿನಗೆ ಕೊಟ್ಟ, ರೇಣುಕಾ. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಬುಧವಾರಕ್ಕೆ ಮೊದಲು ಬಾ.