ಎರಡನೇ ಗೇರಿನಲ್ಲಿ ಚೇವೆಳ್ಳದವರೆಗೆ

ಹೈದರಾಬಾದ್, ಭಾನುವಾರ

ಕಾಕಾ, ನಮಸ್ಕಾರ.

ಯಶವಂತ ಮಾಮಾ ವಿಕಾರಾಬಾದಿನ ತೋಟದಲ್ಲೇ ಉಳಿದರು. ಅಹಲ್ಯಾ ಅತ್ತೆಯನ್ನೂ ಇಪ್ಪತ್ತು ಹೂಕುಂಡಗಳನ್ನೂ ಪಿಕಪ್‌ನಲ್ಲಿ ಕೊಂಡಾಪುರಕ್ಕೆ ತರುವ ಕೆಲಸ ನನಗೆ ಬಂತು. ಒಂದು ಗೀರು ಬಿದ್ದರೂ ಅತ್ತೆ ಅಪ್ಪನಿಗೆ ಹೇಳುತ್ತಾರೆ, ಅಪ್ಪ ನನ್ನ ಲೈಸೆನ್ಸನ್ನು ಬೀರುವಿನಲ್ಲಿಡುತ್ತಾರೆ. ಗಾಡಿ ಆಟೊಮ್ಯಾಟಿಕ್. ನೀವು ಜೀಪಿನಲ್ಲಿ ಕಲಿಸಿದ ಕ್ಲಚ್ ಇದರಲ್ಲಿಲ್ಲ. ಅದನ್ನು ಹುಡುಕಿ ಬ್ರೇಕ್ ತುಳಿದೇನೆಂದು ಎಡಗಾಲನ್ನು ಮಡಚಿಟ್ಟುಕೊಂಡೆ.

ಘಾಟ್ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ತಡೆಹಿಡಿಯಲೆಂದು, ಮಾಮಾ ಹೇಳಿಕೊಟ್ಟಂತೆ ಲಿವರನ್ನು ಪಕ್ಕಕ್ಕೆ ಸರಿಸಿ ಮೈನಸ್ ಕಡೆಗೆ ಎಳೆದೆ. ಎರಡನೇ ಗೇರ್ ಬೀಳಲಿಲ್ಲ, ಗಾಡಿ ಪೀಂ ಅಂದಿತು. ಸ್ಪೀಡ್ ಹೆಚ್ಚಿದ್ದರೆ ಅದು ಕೊಡುವುದಿಲ್ಲ. ಇಲ್ಲಿ ನಾವು ಗೇರ್ ಹಾಕುವುದಿಲ್ಲ ಕಾಕಾ, ವಾರ್ಡನ್‌ಗೆ ರಜೆ ಕೇಳಿದಂತೆ ಅರ್ಜಿ ಹಾಕುತ್ತೇವೆ. ಬ್ರೇಕ್ ಒತ್ತಿ ನಿಧಾನವಾಗಿ ಮತ್ತೆ ಕೇಳಿದೆ. ಮಂಜೂರಾಯಿತು, ಎಂಜಿನ್ ಕೂಗತೊಡಗಿತು.

“ಯಾಕವ್ವಾ, ಗಾಡಿ ಬೈಯಾಕತ್ತೈತಿ?” ಅಂದರು ಅತ್ತೆ.

“ಏನಿಲ್ರಿ ಅತ್ತಿ, ಬೆಲ್ಟ್ ಹಾಕ್ಕೊಳ್ರಿ.”

ಚೇವೆಳ್ಳ ಬರುವಷ್ಟರಲ್ಲಿ ಬಸ್ಸುಗಳಷ್ಟೇ ಅಲ್ಲ, ಹುಲ್ಲು ಹೇರಿದ ಟ್ರ್ಯಾಕ್ಟರೂ ನಮ್ಮನ್ನು ಹಿಂದೆ ಹಾಕಿತ್ತು. ಚಹಾಕ್ಕೆ ನಿಲ್ಲಿಸಿದಾಗ ಗೊತ್ತಾಯಿತು, ಲಿವರನ್ನು, ಗಾಡಿ ತಾನೇ ಗೇರ್ ಬದಲಿಸುವ ‘ಡಿ’ಗೆ ಮರಳಿಸಿಯೇ ಇರಲಿಲ್ಲ. ಸಪಾಟು ರಸ್ತೆಯಲ್ಲೂ ಎರಡನೇ ಗೇರಿನಲ್ಲೇ ಬಂದಿದ್ದೆ. ಅಷ್ಟರಲ್ಲಿ ಅತ್ತೆ ಅಪ್ಪನಿಗೆ ಫೋನ್ ಹಚ್ಚಿದ್ದರು: “ಅಣ್ಣಾ, ನಮ್ಮ ಮನಿಯವರು ಒಂದ್ ದಿನಾನೂ ಇಷ್ಟು ಸಾವಕಾಶ ಓಡ್ಸಿಲ್ಲ. ಇನ್ಮ್ಯಾಲೆ ತ್ವಾಟಕ್ಕ ಇಕೀನ್ನ ಕರ್ಕೊಂಡು ಹೊಕ್ಕೀನಿ.”

ನಾನು ತಿದ್ದಲಿಲ್ಲ. ನೀವೂ ತಿದ್ದಬೇಡಿ.

ಎಡಮೊಣಕಾಲು ನೋಯುತ್ತಿದೆ, ಉಳಿದಂತೆ ಆರಾಮ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಕೃಪಾ